ನಲವತ್ತೆರಡನೆಯವಳು

ಅರಸೀಕೆರೆಯಲ್ಲಿ ನಾಳೆ ಕೊಬ್ಬರಿ ರೇಟು ಏನಾಗಬಹುದು ಎಂದು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಉತ್ತರ ಹೇಳುತ್ತಿದ್ದರು. ಬಯೋಸ್ಟಾಟಿಸ್ಟಿಕ್ಸ್ ಪಿಎಚ್.ಡಿ.ಗೆ ನನಗೆ ಸೀಟು ಸಿಗಬಹುದೇ ಎಂದು ಕೇಳೋಣವೆಂದರೆ ಇಡೀ ತಾಲ್ಲೂಕಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತಿದು. ಎಂ.ಎಸ್ಸಿ. ಮುಗಿಸಿ ಊರಿನ ಒಂದು ಜೂನಿಯರ್ ಕಾಲೇಜಿನಲ್ಲಿ ತಾತ್ಕಾಲಿಕ ಲೆಕ್ಚರರ್ ಆಗಿದ್ದೆ. ತಾತ್ಕಾಲಿಕವಾಗಿಯೇ ನಾಲ್ಕು ವರ್ಷ ಕಳೆದಿತ್ತು. ಬೇರೆ ವಿಷಯ ಸಿಗದ ಮಕ್ಕಳು ಬೇಜಾರಿನಿಂದ ಸ್ಟಾಟಿಸ್ಟಿಕ್ಸ್‌ಗೆ ಬಂದು ಕೂರುತ್ತಿದ್ದರು, ನಾನು ಅವರಿಗಿಂತ ಹೆಚ್ಚು ಬೇಜಾರಿನಿಂದ ಪಾಠ ಮಾಡುತ್ತಿದ್ದೆ.

ಮನೆಯಲ್ಲಿ ವಿಷಯ ಎತ್ತಿದ್ದು ಒಂದು ಭಾನುವಾರದ ಬೆಳಿಗ್ಗೆ. ಅಪ್ಪ ತಿಂಡಿಗೆ ಕೂತಿದ್ದರು.

"ಅದೇನೇ ಅದು, ಬಯೋ?"

"ಔಷಧಿ ಕೊಟ್ರೆ ಕಾಯಿಲೆ ವಾಸಿ ಆಯ್ತು ಅಂತಾರಲ್ಲ, ಅದು ಔಷಧಿಯಿಂದ ಆಯ್ತೋ ತಾನಾಗೇ ಆಯ್ತೋ ಅಂತ ಲೆಕ್ಕ ಹಾಕಿ ಹೇಳೋದು."

"ಅಂದ್ರೆ ಡಾಕ್ಟ್ರು ಸುಳ್ಳು ಹೇಳ್ತಾವ್ರಾ ಇಲ್ವಾ ಅಂತ ಹಿಡಿಯೋದು?"

"ಹೆಚ್ಚುಕಮ್ಮಿ ಹಂಗೇ."

"ಓದು ಮತ್ತೆ," ಎಂದು ಅಪ್ಪ ಇನ್ನೆರಡು ಇಡ್ಲಿ ಹಾಕಿಸಿಕೊಂಡರು. ಹಿಂದಿನ ವರ್ಷ ಅವರ ಮಂಡಿನೋವಿಗೆ ಒಬ್ಬ ಡಾಕ್ಟರು ಆರು ತಿಂಗಳು ಮಾತ್ರೆ ಕೊಟ್ಟಿದ್ದ, ಆ ಸಿಟ್ಟು ನನ್ನ ಉಪಯೋಗಕ್ಕೆ ಬಂತು.

ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದು ಮೂರು ಕಡೆ. ಎರಡು ಅಮೆರಿಕ, ಒಂದು ಕೆನಡಾ. ಗ್ರಾಫ್ ಪುಸ್ತಕದ ಹಿಂದಿನ ಹಾಳೆಯಲ್ಲಿ ನನ್ನ ಅದೃಷ್ಟವನ್ನು ಅಳೆಯಲು ಕೂತೆ. ಒಂದೊಂದು ಕಡೆ ಸಿಗುವ ಸಂಭವ ಐದರಲ್ಲಿ ಒಂದು ಎಂದಿಟ್ಟುಕೊಂಡರೆ, ಮೂರರಲ್ಲಿ ಒಂದಾದರೂ ಸಿಗುವ ಸಂಭವ ಸೊನ್ನೆ ಪಾಯಿಂಟ್ ನಾಲ್ಕು ಎಂಟು ಎಂಟು. ಅದನ್ನು ಕೆಂಪು ಇಂಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಅಪ್ಪನಿಗೆ ತೋರಿಸಿದೆ.

"ಅಂದ್ರೆ ಸಿಗ್ತದೋ ಇಲ್ವೋ?"

"ಅರ್ಧ ಸಿಗಬಹುದು, ಅರ್ಧ ಸಿಗದೆ ಇರಬಹುದು."

"ಇದನ್ನ ಹೇಳಕ್ಕೆ ಎಂ.ಎಸ್ಸಿ. ಮಾಡ್ಬೇಕಿತ್ತೇನೇ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಗ್ರಾಫ್ ಪುಸ್ತಕ ಕಿತ್ತುಕೊಂಡು ಒಳಗೆ ಹೋದೆ. ಆದರೆ ಅಪ್ಪನಿಗೆ ಹಾಗೆ ಕೇಳುವ ಅಧಿಕಾರವಿತ್ತು. ಅವರು ಒಂದು ಕೊಬ್ಬರಿ ಮಂಡಿಯಲ್ಲಿ ಮಾಲು ನೋಡುವವರು. ರೈತರು ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷಗಟ್ಟಲೆ ಒಣಗಿಸುತ್ತಾರೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆ ಹೇಳುವುದು ಅಪ್ಪನ ಕೆಲಸ. ಅಟ್ಟ ಹತ್ತಿ ಮೂಲೆಮೂಲೆಯಿಂದ ಹತ್ತು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇಡೀ ಅಟ್ಟದ ಹಣೆಬರಹ ಹೇಳಿಬಿಡುತ್ತಿದ್ದರು. ಚಿಕ್ಕವಳಿದ್ದಾಗ ನಾನು ಒಂದು ಕಾಯಿ ಎತ್ತಿ ಜೋರಾಗಿ ಅಲ್ಲಾಡಿಸಿ "ಇದು ಚೆನ್ನಾಗಿ ಸದ್ದು ಮಾಡ್ತದೆ" ಎಂದಾಗ ಅವರು ಅದನ್ನು ಕೈಯಿಂದ ತೆಗೆದಿಟ್ಟರು. "ಅದ್ರಲ್ಲಿ ಇನ್ನೂ ನೀರೈತೆ ಕಣೇ. ಒಣಗಿದ್ದು ಅಷ್ಟು ಗಲಾಟೆ ಮಾಡಲ್ಲ. ಕಿವಿಗೊಟ್ಟು ಕೇಳ್ಬೇಕು," ಎಂದಿದ್ದರು.

ಅರ್ಜಿಗೆ ಮೂವರು ಮೇಷ್ಟ್ರುಗಳ ಶಿಫಾರಸು ಬೇಕಿತ್ತು. ಎಂ.ಎಸ್ಸಿ.ಯಲ್ಲಿ ಪಾಠ ಮಾಡಿದ ಇಬ್ಬರಲ್ಲಿ ಒಬ್ಬರು "ನೀನೇ ಬರ್ಕೊಂಡ್ ಬಾಮ್ಮ, ಸಹಿ ಹಾಕ್ತೀನಿ" ಎಂದರು. ಇನ್ನೊಬ್ಬರು ಅದಕ್ಕೂ ಪುರುಸೊತ್ತಿಲ್ಲದೆ ಖಾಲಿ ಫಾರಂಗೇ ಸಹಿ ಹಾಕಿ ಕೊಟ್ಟರು. ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ನಿಮಗೆ ಗೊತ್ತಿರುವ ವಿದ್ಯಾರ್ಥಿಗಳಲ್ಲಿ ಈ ಅಭ್ಯರ್ಥಿ ಮೊದಲ ಶೇಕಡ ಒಂದರಲ್ಲಿದ್ದಾರೋ, ಐದರಲ್ಲೋ, ಹತ್ತರಲ್ಲೋ, ಇಪ್ಪತ್ತೈದರಲ್ಲೋ, ಐವತ್ತರಲ್ಲೋ? ಒಂದೊಂದಕ್ಕೂ ಒಂದೊಂದು ಚೌಕ. ನಾನು ಎರಡೂ ಕಡೆ ಶೇಕಡ ಒಂದಕ್ಕೆ ಟಿಕ್ ಹಾಕಿಕೊಂಡೆ. ನಾಯಕತ್ವದ ಗುಣಕ್ಕೂ ಶೇಕಡ ಒಂದು. ನಾನು ಜೀವನದಲ್ಲಿ ನಾಯಕಿಯಾಗಿದ್ದು ಒಂದೇ ಸಲ, ಅದೂ ಹಾಸ್ಟೆಲ್ ಮೆಸ್ಸಿನ ಉಪ್ಪಿಟ್ಟಿನ ವಿರುದ್ಧ, ಅದರಲ್ಲೂ ಸೋತಿದ್ದೆ.

"ಹತ್ತರ ಚೌಕಕ್ಕಿಂತ ಕೆಳಗೆ ಒಂದು ಟಿಕ್ ಬಿದ್ರೂ ಅವರು ಅರ್ಜೀನ ಕಸದ ಬುಟ್ಟಿಗೆ ಹಾಕ್ತಾರೆ, ಹುಷಾರು," ಎಂದು ಖಾಲಿ ಫಾರಂಗೆ ಸಹಿ ಹಾಕಿದವರು ಎಚ್ಚರಿಸಿದ್ದರು. ನನಗೆ ಭಯವೇನೂ ಆಗಲಿಲ್ಲ. ಮೂರನೆಯವರು ನನ್ನ ಬಿ.ಎಸ್ಸಿ. ಮೇಷ್ಟ್ರು. ರಿಟೈರಾಗಿ ಹಳೇಬೀಡಿನಲ್ಲಿ, ತಮ್ಮ ಹಿರಿಯರ ಮನೆಯಲ್ಲಿದ್ದರು. ಅವರ ಮನೆತನದವರು ಊರಿನ ಒಂದು ಸಣ್ಣ ಗುಡಿಯ ಪೂಜೆ ಮಾಡಿಕೊಂಡು ಬಂದವರು, ಇವರೊಬ್ಬರು ಮಾತ್ರ ಗಂಟೆ ಬಿಟ್ಟು ಲಾಗರಿದಮ್ ಟೇಬಲ್ ಹಿಡಿದವರು. ನನ್ನ ಮೇಲೆ ಅವರಿಗೆ ಅಭಿಮಾನವಿತ್ತು. ಒಂದೇ ನಿಮಿಷದ ಕೆಲಸ ಎಂದುಕೊಂಡು ಜಾವಗಲ್ ಮೇಲೆ ಹೋಗುವ ಬಸ್ ಹತ್ತಿದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಫಾರಂನ ಪ್ರತಿಯೊಂದು ಸಾಲನ್ನೂ ಓದಿದರು. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟರು. ಕಾಫಿ ಮುಗಿಯಿತು. ಇನ್ನೂ ಓದುತ್ತಲೇ ಇದ್ದರು.

"ನನಗೆ ಗೊತ್ತಿರುವ ವಿದ್ಯಾರ್ಥಿಗಳಲ್ಲಿ ಅಂತ ಕೇಳಿದ್ದಾರೆ," ಎಂದರು ಕೊನೆಗೆ.

"ಹೌದು ಸಾರ್. ಅಲ್ಲೊಂದು ಟಿಕ್ ಹಾಕಿಬಿಟ್ರೆ ಆಯ್ತು."

"ಎಷ್ಟು ಜನ ಗೊತ್ತಿದ್ದಾರೆ ಅಂತ ಮೊದಲು ಎಣಿಸಬೇಕಲ್ಲಮ್ಮ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಡುಮನೆಯ ಮಂಚದ ಕೆಳಗಿನಿಂದ ಒಂದು ಕಬ್ಬಿಣದ ಟ್ರಂಕು ಎಳೆದರು. ಅದರ ತುಂಬ ರಿಜಿಸ್ಟರುಗಳು. ಇಪ್ಪತ್ತೊಂಬತ್ತು ವರ್ಷ ಅವರು ಪಾಠ ಮಾಡಿದ ಪ್ರತಿಯೊಬ್ಬರ ಹಾಜರಿ, ಥಿಯರಿ ಅಂಕ, ಪ್ರಾಕ್ಟಿಕಲ್ ಅಂಕ. "ಮುಂದಿನ ಭಾನುವಾರ ಬಾ," ಎಂದರು. ನಾನು ಬೆಪ್ಪಾಗಿ ಬಸ್ ಸ್ಟ್ಯಾಂಡಿಗೆ ನಡೆದೆ.

ಮುಂದಿನ ಭಾನುವಾರ ಹೋದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ಮೇಲೆಲ್ಲ ರಿಜಿಸ್ಟರು ಹರವಿದ್ದವು. ಮೇಷ್ಟ್ರು ಪ್ರತಿ ವಿದ್ಯಾರ್ಥಿಗೂ ಒಂದೊಂದು ಚೀಟಿ ಮಾಡಿ ಅಂಕದ ಪ್ರಕಾರ ಜೋಡಿಸುತ್ತಿದ್ದರು. ಆ ಚೀಟಿಗಳು ಹಾರಬಾರದೆಂದು ಮನೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಹೆಂಡತಿ ಕಸ ಗುಡಿಸದೆ ಆರು ದಿನವಾಗಿತ್ತು.

"ನಿನ್ನಿಂದ ನನ್ನ ಮನೆ ಹಾಳಾಯ್ತು ಕಣೇ," ಎಂದರು ಆಕೆ, ಸಿಟ್ಟೇನೂ ಇಲ್ಲದೆ.

"ಸಾರ್, ಅಂದಾಜಿನ ಮೇಲೆ ಹಾಕಿದ್ರೆ ಸಾಕಲ್ವಾ? ಎಲ್ಲರೂ ಹಂಗೇ ಹಾಕೋದು."

ಮೇಷ್ಟ್ರು ಚೀಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದರು. "ನೀನು ಯಾವ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕು ಅಂತಿದ್ದೀಯಮ್ಮ?"

ಕೊನೆಯ ತಾರೀಖಿಗೆ ಐದು ವಾರವಿತ್ತು. ಅಮೆರಿಕಕ್ಕೆ ರಿಜಿಸ್ಟರ್ ಪೋಸ್ಟು ಹೋಗಲು ಎರಡು ವಾರ ಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರನ್ನು ಮನಸಾರೆ ಬೈದುಕೊಂಡೆ.

ಮೂರನೇ ಭಾನುವಾರ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದವರೇ ದನಿ ತಗ್ಗಿಸಿ, "ಎಣಿಸಿದ್ದು ಮುಗೀತಂತೆ. ನೀನು ನಲವತ್ತೆರಡು ಕಣೇ," ಎಂದರು.

"ಎಷ್ಟರಲ್ಲಿ?"

"ನಾನೂರ ಹನ್ನೆರಡರಲ್ಲಿ. ಒಳ್ಳೇದೋ ಕೆಟ್ಟದ್ದೋ?"

ಮನಸ್ಸಿನಲ್ಲೇ ಭಾಗಿಸಿದೆ. ಹತ್ತು ಪಾಯಿಂಟ್ ಒಂದು ಒಂಬತ್ತು. ಹತ್ತರ ಚೌಕಕ್ಕೆ ಹೊರಗೆ, ಒಂದು ಕೂದಲೆಳೆಯಷ್ಟು ಹೊರಗೆ. ಬೇರೆ ಯಾವ ಮೇಷ್ಟ್ರಾದರೂ ಹತ್ತು ಎಂದೇ ಹಾಕುತ್ತಿದ್ದರು. ಇವರು ಪ್ರಾಣ ಹೋದರೂ ಹಾಕುವವರಲ್ಲ. ನನಗೆ ಅಳು ಬಂತು, ಅಳುವುದಕ್ಕಿಂತ ಮೊದಲು ಮಂಚದ ಮೇಲಿದ್ದ ಪಟ್ಟಿಯತ್ತ ಕಣ್ಣು ಹೋಯಿತು. ಅದನ್ನು ನಾನು ನೋಡಬಾರದಿತ್ತು. ಶಿಫಾರಸನ್ನು ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಫಾರಂನಲ್ಲಿ ನಾನೇ ಸಹಿ ಹಾಕಿದ್ದೆ. ಬಚ್ಚಲಮನೆಯಲ್ಲಿ ಚೊಂಬಿನ ಸದ್ದು ಕೇಳುತ್ತಿರುವವರೆಗೆ ಭಯವಿಲ್ಲವೆಂದು ನೋಡಿಯೇಬಿಟ್ಟೆ.

ನನ್ನ ಮೇಲೆ, ನಲವತ್ತೊಂದನೆಯ ಜಾಗದಲ್ಲಿ, ಮಾದಿಹಳ್ಳಿ ಅಕ್ಕ.

ಓದುವಾಗ ಅವಳು ಮಾದಿಹಳ್ಳಿ ಅಕ್ಕ ಆಗಿರಲಿಲ್ಲ, ಮದುವೆಯಾದ ಮೇಲೆ ಹಾಗಾದಳು. ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಅವಳು ಅದೇ ಕಾಲೇಜಿನಲ್ಲಿ ಕೊನೇ ವರ್ಷ, ಅದೇ ಹಾಸ್ಟೆಲ್, ಪಕ್ಕದ ರೂಮು. ಸ್ಟಾಂಡರ್ಡ್ ಡೀವಿಯೇಶನ್ ಎಂದರೇನು ಎಂದು ನನ್ನ ತಲೆಗೆ ಹತ್ತದಿದ್ದಾಗ ಮೆಸ್ಸಿನ ಮುದ್ದೆಗಳನ್ನು ಸಾಲಾಗಿ ಇಡಿಸಿ, ಒಂದೊಂದೂ ಸರಾಸರಿಗಿಂತ ಎಷ್ಟು ದಪ್ಪ ಎಷ್ಟು ಸಣ್ಣ ಎಂದು ತೋರಿಸಿ ಕಲಿಸಿದವಳು. ಎಂ.ಎಸ್ಸಿ. ಸೀಟು ಅವಳಿಗೆ ಎರಡೇ ಎರಡು ಅಂಕದಲ್ಲಿ ತಪ್ಪಿತು. ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳಾಗಿದ್ದಳು. ಲಿಸ್ಟು ಕದಲಲಿಲ್ಲ, ಮನೆಯವರು ಕಾಯಲಿಲ್ಲ. ಈಗ ಹಳೇಬೀಡಿನ ಹತ್ತಿರದ ಮಾದಿಹಳ್ಳಿಯಲ್ಲಿ ಗದ್ದೆ, ನಾಲ್ಕು ಹಸು, ಎರಡು ಮಕ್ಕಳು, ಡೈರಿಗೆ ಹಾಲು.

ಹೇಳಲು ನಾಚಿಕೆಯಾಗುತ್ತದೆ. ಅವಳ ಹೆಸರು ನೋಡಿದಾಗ ನನಗೆ ಮುದ್ದೆ ನೆನಪಾಗಲಿಲ್ಲ, ಭಾಗಾಕಾರ ನೆನಪಾಯಿತು. ಅವಳೊಬ್ಬಳನ್ನು ಪಟ್ಟಿಯಿಂದ ತೆಗೆದರೆ ನಾನು ನಾನೂರ ಹನ್ನೊಂದರಲ್ಲಿ ನಲವತ್ತೊಂದನೆಯವಳು. ಬಸ್ ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಭಾಗಿಸಿದೆ: ಒಂಬತ್ತು ಪಾಯಿಂಟ್ ಒಂಬತ್ತು ಎಂಟು. ಒಳಗೆ! ಎಲ್ಲರನ್ನೂ ಅಲ್ಲ, ಒಬ್ಬಳನ್ನು ತೆಗೆದರೆ ಸಾಕು.

ಮೇಷ್ಟ್ರು ಮೈ ಒರೆಸಿಕೊಂಡು ಬಂದು ಕೂತ ಮೇಲೆ ಬಹಳ ಸಾಧುವಾಗಿ ಕೇಳಿದೆ. "ಸಾರ್, ನನಗೊಂದು ಅನುಮಾನ. ಲೆಕ್ಕಕ್ಕೆ ತಗೊಳ್ಳುವಾಗ, ಓದು ಬಿಟ್ಟುಬಿಟ್ಟಿರೋರನ್ನ ತೆಗೆದುಬಿಡಬಹುದಲ್ವಾ? ಮದುವೆ ಆಗಿ ಮನೇಲಿರೋರು, ಅಂಥವರು. ಅವರು ಈಗ ಈ ವಿಷಯದಲ್ಲೇ ಇಲ್ಲವಲ್ಲ."

"ಯಾಕಮ್ಮ? ಓದು ಬಿಟ್ಟ ಮೇಲೆ ಅವರು ಓದೇ ಇರಲಿಲ್ಲ ಅಂತ ಆಗುತ್ತಾ?"

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವರಂತೆ ಕೇಳಿದ್ದರು. ನಾನು ಪಟ್ಟಿ ನೋಡಿದ್ದೇನೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ, ಆ ಪ್ರಶ್ನೆ ಅವರ ತಲೆಯಲ್ಲೇ ಉಳಿದಂತಿತ್ತು. ಎದ್ದು ಹೋಗಿ ಹಳೆಯ ರಿಜಿಸ್ಟರೊಂದನ್ನು ತೆರೆದು ಅದರಲ್ಲೇ ಮುಳುಗಿದರು, ನಾನು ಹೊರಟಿದ್ದೂ ನೋಡಲಿಲ್ಲ.

ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ಎದುರಿಗೆ ಅಕ್ಕನೇ! ಹಸುವಿನ ಹಿಂಡಿ ಮೂಟೆ ಆಟೋಗೆ ಹಾಕಿಸುತ್ತಿದ್ದಳು.

"ಏನೇ ಇಲ್ಲಿ? ಟೂರಿಸ್ಟಾ?" ಎಂದು ಬೆನ್ನಿಗೆ ಗುದ್ದಿದಳು. ಪಿಎಚ್.ಡಿ. ವಿಷಯ ಹೇಳಿದೆ. ಅವಳ ಮುಖ ಅರಳಿತು. "ಹೋಗೇ ಹೋಗು! ನನ್ ಪಾಲಿಂದೂ ಓದ್ಕೊಂಡ್ ಬಾ. ಮೇಷ್ಟ್ರು ಬರ್ದೇ ಬರೀತಾರೆ, ನಿನ್ ಕಂಡ್ರೆ ಅವ್ರಿಗೆ ಪ್ರಾಣ." ಮನೆಗೆ ಬಾ, ಹಾಲು ಕುಡಿದು ಹೋಗು ಎಂದು ಕೈ ಹಿಡಿದು ಎಳೆದಳು. ಬಸ್ಸು ಬಂತೆಂದು ಸುಳ್ಳು ಹೇಳಿ ಕೈ ಬಿಡಿಸಿಕೊಂಡೆ. ಬಂದಿದ್ದು ಚಿಕ್ಕಮಗಳೂರಿನ ಬಸ್ಸು. ಅದನ್ನೇ ಹತ್ತಿ ಒಂದು ಸ್ಟಾಪು ಮುಂದೆ ಇಳಿದು ನಡೆದುಕೊಂಡು ವಾಪಸ್ ಬಂದೆ.

ನಾಲ್ಕನೇ ಭಾನುವಾರ ಮೇಷ್ಟ್ರು ಒಂದು ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಶಿಫಾರಸಿನ ಜೊತೆಗೆ ಒಂದು ಅನುಬಂಧ ಬೇಕೆಂದೂ, ಅದನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಟೈಪ್ ಮಾಡುವವರು ಬೇಲೂರಿನಲ್ಲಿ ಮಾತ್ರ ಇದ್ದಾರೆಂದೂ ಹೇಳಿದರು. ಇಬ್ಬರೂ ಬಸ್ ಹತ್ತಿದೆವು. ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಇದ್ದಕ್ಕಿದ್ದಂತೆ, "ಪ್ರಾಕ್ಟಿಕಲ್ ವೈವಾದಲ್ಲಿ ನಾನು ನಿನಗೆ ಏನು ಕೇಳಿದ್ದೆ, ನೆನಪಿದೆಯಾ?" ಎಂದರು.

"ಇಲ್ಲ ಸಾರ್. ಹೆದರಿಕೊಂಡಿದ್ದೆ."

"ಗಟ್ಟಿಯಾಗಿ ಹೇಳಮ್ಮ, ಕೇಳಿಸ್ತಿಲ್ಲ."

"ಹೆದರಿಕೊಂಡಿದ್ದೆ ಸಾರ್!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಮೇಷ್ಟ್ರು "ಹ್ಞೂಂ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಬೇಲೂರಿನ ಟೈಪಿಂಗ್ ಅಂಗಡಿಯ ಬಾಗಿಲಲ್ಲಿ ನನ್ನನ್ನು ತಡೆದು, "ಇದು ಗೋಪ್ಯ. ನೀನು ಹೋಗಿ ಗುಡಿ ನೋಡ್ಕೊಂಡು ಬಾ," ಎಂದರು. ಪ್ರೈಮರಿ ಸ್ಕೂಲಿನ ಟ್ರಿಪ್ಪಿನಿಂದ ಹಿಡಿದು ಆ ಗುಡಿಯನ್ನು ಹದಿನಾಲ್ಕು ಸಲ ನೋಡಿದ್ದೆ. ಹದಿನೈದನೇ ಸಲವೂ ಹೋದೆ. ಯಾರೋ ಗೈಡು ಉತ್ತರದ ಕಡೆಯ ದಂಪತಿಗಳಿಗೆ ಕನ್ನಡಿ ಹಿಡಿದ ಸುಂದರಿಯನ್ನು ತೋರಿಸಿ ಹಿಂದಿಯಲ್ಲಿ ವರ್ಣಿಸುತ್ತಿದ್ದ. ಕಲ್ಲಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ನೀನು ಶೇಕಡ ಎಷ್ಟರಲ್ಲಿದ್ದೀಯ ಎಂದು ಯಾರೂ ಕೇಳುತ್ತಿರಲಿಲ್ಲ ಎಂದುಕೊಂಡೆ. ಜಗಲಿಯ ಮೇಲೆ ಆರು ಸುತ್ತು ಹಾಕಿದೆ. ಭಕ್ತಿಯಿಂದ ಎಂದುಕೊಂಡು ಒಬ್ಬ ಅಜ್ಜಿ ನನಗೆ ದಾರಿ ಬಿಟ್ಟರು. ನಾನು ಸುತ್ತುತ್ತಿದ್ದದ್ದು ಬರೀ ಸಿಟ್ಟಿನಿಂದ.

ವಾಪಸ್ ಬಂದಾಗ ಮೇಷ್ಟ್ರು ಎದುರಿನ ಅಂಗಡಿಯಲ್ಲಿ ದೊಡ್ಡ ಕವರು ಕೊಳ್ಳುತ್ತಿದ್ದರು. ಟೈಪು ಮಾಡಿದವನು ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಮೇಡಂ ಅದು? ವಿಷಾದ, ತಪ್ಪು, ಕ್ಷಮೆ ಅಂತಲೇ ನಾಲ್ಕು ಕಡೆ ಹೊಡೆಸಿದ್ರಲ್ಲ?" ಎಂದ.

ಎಲ್ಲ ಅರ್ಥವಾಯಿತು. ಇವಳನ್ನು ಹತ್ತರ ಚೌಕಕ್ಕೆ ಹಾಕಲಾಗದ್ದಕ್ಕೆ ವಿಷಾದಿಸುತ್ತೇನೆ, ಸೊನ್ನೆ ಪಾಯಿಂಟ್ ಒಂದು ಒಂಬತ್ತು ಹೆಚ್ಚಾಗಿದೆ, ಕ್ಷಮಿಸಿ ಎಂದು ಎರಡು ಪುಟ ಬರೆದಿದ್ದಾರೆ. ಮೇಷ್ಟ್ರು ಮೂರು ಕವರಿಗೂ ಗೋಂದು ಹಚ್ಚಿ, ಅಂಚಿನ ಮೇಲೆ ಸಹಿ ಹಾಕಿ, ಮಾರನೆಯ ದಿನ ಹಳೇಬೀಡಿನ ಪೋಸ್ಟಾಫೀಸಿನಲ್ಲಿ ತಾವೇ ರಿಜಿಸ್ಟರ್ ಮಾಡಿಸುವುದಾಗಿ ಹೇಳಿ ಚೀಲದೊಳಗೆ ಇಟ್ಟುಕೊಂಡರು. ಥ್ಯಾಂಕ್ಸ್ ಹೇಳಿದೆ. ಆ ಮಾತು ಹೇಳುವಾಗ ನನ್ನ ಮುಖ ಹೇಗಿತ್ತೋ, ದೇವರೇ ಬಲ್ಲ.

ಮನೆಗೆ ಬಂದು ಗ್ರಾಫ್ ಪುಸ್ತಕ ತೆಗೆದು ಹೊಸದಾಗಿ ಲೆಕ್ಕ ಹಾಕಿದೆ. ಒಂದೊಂದು ಕಡೆ ಇಪ್ಪತ್ತರಲ್ಲಿ ಒಂದು. ಎಲ್ಲ ಸೇರಿ ಏಳರಲ್ಲಿ ಒಂದು.

"ಈಗೇನಂತೆ?" ಎಂದರು ಅಪ್ಪ.

"ಸಿಗಲ್ಲ."

"ಈಗ ನೋಡು, ಅರ್ಥ ಆಗಂಗೆ ಹೇಳ್ದೆ," ಎಂದವರು ನನ್ನ ಮುಖ ನೋಡಿ, ಮಂಡಿಯಿಂದ ತಂದ ಒಂದು ಒಳ್ಳೇ ಕೊಬ್ಬರಿ ಗಿಟಕನ್ನು ಬೆಲ್ಲದ ಜೊತೆ ನನ್ನ ಮುಂದೆ ಇಟ್ಟು ಹೋದರು.

ಆರು ವಾರದ ಮೇಲೆ ಕಾಲೇಜಿನ ವಿಳಾಸಕ್ಕೆ ನನಗೊಂದು ಪೋಸ್ಟ್‌ಕಾರ್ಡ್ ಬಂತು. ಪೋಸ್ಟ್‌ಕಾರ್ಡ್ ಆದ್ದರಿಂದ ನನಗಿಂತ ಮೊದಲು ಅಟೆಂಡರು, ಕ್ಲರ್ಕು, ಹಿಸ್ಟರಿ ಮೇಷ್ಟ್ರು, ಪ್ರಿನ್ಸಿಪಾಲರು ಎಲ್ಲರೂ ಓದಿ ಆಗಿತ್ತು. ಮುತ್ತಿನಂಥ ಅಕ್ಷರ.

"ಚಿ. ಸೌ.ಗೆ ಆಶೀರ್ವಾದಗಳು. ಅಂತಿಮ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ನಿನಗೆ ಐವತ್ತಕ್ಕೆ ಮೂವತ್ತೆಂಟು ಅಂಕ ಕೊಟ್ಟಿದ್ದೇನೆ. ನನ್ನ ಲೆಕ್ಕದ ಪ್ರಕಾರ ಅದು ನಲವತ್ತೊಂದು ಆಗಬೇಕಿತ್ತು. ತಪ್ಪು ಪೂರ್ತಿಯಾಗಿ ನನ್ನದು. ವಿಶ್ವವಿದ್ಯಾಲಯಕ್ಕೆ ಬರೆದಿದ್ದೇನೆ, ಅವರು ಈಗ ಏನೂ ಮಾಡಲಾರರು. ಕ್ಷಮೆ ಇರಲಿ."

"ಏನ್ರೀ ಇದು, ಆ ಕಾಲದ್ದು?" ಎಂದು ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದರು. ಅವರಿಗೆ ನನ್ನ ಸರ್ಟಿಫಿಕೇಟುಗಳ ಮೇಲೇ ಸಂಶಯ ಬಂದಂತಿತ್ತು. ಶನಿವಾರ, ಅರ್ಧ ದಿನ. ನಾನು ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ.

ಮೇಷ್ಟ್ರ ನಡುಮನೆ ಗುಡಿಸಿ ಸಾರಿಸಿದಂತಿತ್ತು. ಮೇಜಿನ ಮೇಲೆ ಪೋಸ್ಟ್‌ಕಾರ್ಡುಗಳ ಕಟ್ಟು. ಹೆಂಡತಿ ಪಕ್ಕದಲ್ಲಿ ಅಕ್ಕಿ ಆರಿಸುತ್ತ ವಿಳಾಸ ಹೇಳುತ್ತಿದ್ದರು. "ಆ ಎರಡು ಜಡೆ ಹುಡುಗಿನಾ? ಅವಳನ್ನ ತಿಪಟೂರಿಗೆ ಕೊಟ್ಟಿದ್ದಾರೆ. ಬಾಣಾವರದೋಳು ಅಲ್ಲೇ ಸ್ಟೇಷನ್ ಹತ್ರ ಇದ್ದಾಳೆ, ಗಂಡ ರೈಲ್ವೇಲಿ." ಯಾರನ್ನು ಎಲ್ಲಿಗೆ ಕೊಟ್ಟರೆಂಬುದು ಟ್ರಂಕಿನ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ, ಅದೆಲ್ಲ ಆಕೆಯ ತಲೆಯಲ್ಲಿತ್ತು.

"ಅವತ್ತು ನೀನೊಂದು ಮಾತು ಕೇಳಿದೆಯಲ್ಲ, ಮದುವೆ ಆದೋರನ್ನ ತೆಗೆದುಬಿಡಿ ಅಂತ," ಎಂದರು ಮೇಷ್ಟ್ರು. ನಾನು ನೆಲ ನೋಡಿದೆ. "ತೆಗೆಯೋಕಲ್ಲ, ಸುಮ್ಮನೆ ನೋಡೋಣ ಅಂತ ಹೆಣ್ಣುಮಕ್ಕಳ ಚೀಟಿ ಬೇರೆ ಮಾಡಿದೆ. ತೊಂಬತ್ತೇಳು ಜನ. ಥಿಯರಿ ಪೇಪರನ್ನ ಹೊರಗಿನವರು ತಿದ್ದೋದು, ಅವರಿಗೆ ನಂಬರ್ ಬಿಟ್ಟು ಹೆಸರು ಗೊತ್ತಿರಲ್ಲ. ಅದರಲ್ಲಿ ನೀವು ಹುಡುಗರಿಗಿಂತ ಒಂದು ಕೈ ಮೇಲೇ ಇದ್ದೀರಿ. ಪ್ರಾಕ್ಟಿಕಲ್‌ನಲ್ಲಿ ವೈವಾ ತಗೊಂಡು ಅಂಕ ಹಾಕೋನು ನಾನು. ಅಲ್ಲಿ ಪ್ರತಿ ವರ್ಷ, ಇಪ್ಪತ್ತೊಂಬತ್ತು ವರ್ಷವೂ, ಮೂರು ಅಂಕ ಕಡಿಮೆ. ಟೆಸ್ಟ್ ಮಾಡಿ ನೋಡಿದೆ. ಆಕಸ್ಮಿಕ ಅನ್ನೋ ಹಾಗಿಲ್ಲಮ್ಮ."

"ಯಾಕೆ ಸಾರ್ ಹಾಗೆ?"

ಅವರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. "ನೀವೆಲ್ಲ ಮೆಲ್ಲಗೆ ಉತ್ತರ ಹೇಳ್ತಿದ್ರಿ. ನಾನು ಅದನ್ನ ಗೊತ್ತಿಲ್ಲ ಅಂದುಕೊಂಡೆ. ಹುಡುಗರು ತಪ್ಪನ್ನೂ ಗಟ್ಟಿಯಾಗಿ ಹೇಳ್ತಿದ್ರು."

ಅವರ ಕಣ್ಣು ಒದ್ದೆಯಾಗಿತ್ತು. ಅವರನ್ನು ನಾನು ಬಸ್ಸಿನಲ್ಲಿ ಬೈದ ಬೈಗುಳವೆಲ್ಲ ನೆನಪಾಗಿ ಸಂಕಟವಾಯಿತು. ಆದರೂ ನಾನು ನಾನೇ ತಾನೇ? ಕೇಳಿಯೇಬಿಟ್ಟೆ. "ಹಾಗಾದ್ರೆ ಸಾರ್, ನನ್ನ ಟಿಕ್ಕು?"

"ಅದು ಗೋಪ್ಯ."

"ಮೂವತ್ತಾರಾಗಿದ್ದೀಯ ಕಣೇ," ಎಂದರು ಹೆಂಡತಿ, ಅಕ್ಕಿಯಿಂದ ಕಣ್ಣು ಎತ್ತದೆ. "ಹತ್ತರೊಳಗೇ ಹಾಕಿದ್ದಾರೆ. ಹೆಣ್ಣುಮಕ್ಕಳೆಲ್ಲ ಮೇಲೆ ಹೋದ್ರು, ಪಾಪ ಹುಡುಗರು ಕೆಳಗೆ ಬಂದ್ರು. ಮಾದಿಹಳ್ಳಿಯವಳು ಮೂವತ್ತೈದು." ಮೇಷ್ಟ್ರು ಹಣೆ ಚಚ್ಚಿಕೊಂಡರು. ಅಕ್ಕ ಈಗಲೂ ನನಗಿಂತ ಒಂದು ಮೆಟ್ಟಿಲು ಮೇಲೆ!

ಅಮೆರಿಕದ ಎರಡೂ ಕಡೆಯಿಂದ ಇಲ್ಲ ಎಂದು ತೆಳ್ಳಗಿನ ಪತ್ರ ಬಂತು. ಕೆನಡಾದಿಂದ ದಪ್ಪನೆಯ ಕವರು ಬಂತು, ಸೀಟು ಕೊಟ್ಟಿದ್ದರು. ಕೊನೆಯಲ್ಲಿ ಯಾರೋ ಕೈಯಲ್ಲಿ ಎರಡು ಸಾಲು ಬರೆದಿದ್ದರು: ನಿಮ್ಮ ಮೇಷ್ಟ್ರ ಅನುಬಂಧವನ್ನು ನಮ್ಮ ವಿಭಾಗದಲ್ಲಿ ಎಲ್ಲರೂ ಓದಿದೆವು, ಇಷ್ಟು ಪ್ರಾಮಾಣಿಕವಾದ ಶಿಫಾರಸನ್ನು ನಾವ್ಯಾರೂ ಕಂಡಿರಲಿಲ್ಲ. ಅಪ್ಪ ಆ ಪತ್ರವನ್ನು ಮಂಡಿಗೆಲ್ಲ ತೋರಿಸಿ ಬಂದರು.

ಅಕ್ಕನಿಗೆ ನಾನೇ ಹೋಗಿ ಹೇಳಬೇಕಿತ್ತು. ಸೀಟಿನ ಸುದ್ದಿಯನ್ನಲ್ಲ, ಇನ್ನೊಂದನ್ನು. ಮಾದಿಹಳ್ಳಿಯಲ್ಲಿ ಬಸ್ಸಿಳಿದಾಗ ಸಾಯಂಕಾಲದ ಹಾಲು ಕರೆಯುವ ಹೊತ್ತು. ಕೊಟ್ಟಿಗೆಯ ಪಕ್ಕದ ಗೋಡೆಯ ಮೇಲೆ, ಡೈರಿಯವರು ಕೊಟ್ಟ ಸರ್ಟಿಫಿಕೇಟಿನ ಪಕ್ಕದಲ್ಲಿ, ಮೇಷ್ಟ್ರ ಪೋಸ್ಟ್‌ಕಾರ್ಡಿಗೆ ಫ್ರೇಮು ಹಾಕಿಸಿ ತೂಗು ಹಾಕಿದ್ದಳು.

"ನೋಡ್ದಾ?" ಎಂದಳು ಹಸುವಿನ ಕೆಳಗಿನಿಂದಲೇ. "ಮೂರು ಅಂಕ! ನಂಗೆ ಬೇಕಿದ್ದು ಎರಡೇಯ. ಒಂಬತ್ತು ವರ್ಸ ಆದ್ಮೇಲೆ ನಂಗೆ ಎಂ.ಎಸ್ಸಿ. ಸೀಟ್ ಸಿಕ್ತು ಕಣೇ. ಡೈರೀಲಿ ಎಲ್ರಿಗೂ ಮೈಸೂರ್ ಪಾಕ್ ಹಂಚ್ದೆ. ನಮ್ಮತ್ತೆ, ಮೂರನೇದು ಬಸ್ರಾ ಅಂತ ಕೇಳಿದ್ರು." ನಗುತ್ತಲೇ ಹೇಳಿದಳು, ನಗುತ್ತಲೇ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು, ಹಾಲಿನ ಸದ್ದು ಮಾತ್ರ ನಿಲ್ಲಲಿಲ್ಲ.

ನಾನು ನಿಂತಲ್ಲೇ ಎಲ್ಲ ಹೇಳಿದೆ. ಪಟ್ಟಿ ಕದ್ದು ನೋಡಿದ್ದು. ಅವಳು ನಲವತ್ತೊಂದು, ನಾನು ನಲವತ್ತೆರಡು, ಒಟ್ಟು ನಾನೂರ ಹನ್ನೆರಡು. ಮದುವೆಯಾದವರನ್ನು ತೆಗೆದುಬಿಡಿ ಎಂದು ಕೇಳಿದ್ದು. ಆವತ್ತು ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈ ಬಿಡಿಸಿಕೊಂಡಿದ್ದು ಯಾಕೆ ಎಂದೂ ಹೇಳಿದೆ. ಹಾಲು ಕರೆಯುವುದು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು.

"ನಾನೂರ ಹನ್ನೊಂದು," ಎಂದಳು ಅಕ್ಕ. "ಅದ್ರಲ್ಲಿ ಹತ್ತು ಪರ್ಸೆಂಟು ನಲವತ್ತೊಂದು ಪಾಯಿಂಟ್ ಒಂದು. ನನ್ನ ತೆಗುದ್ರೆ ನೀನು ನಲವತ್ತೊಂದು. ಒಳಗ್ ಬತ್ತಿದ್ದೆ."

ನನಗೆ ಆವತ್ತು ಅದಕ್ಕೆ ಪೆನ್ನು, ಬಸ್ ಟಿಕೆಟ್ಟಿನ ಹಿಂಭಾಗ ಎರಡೂ ಬೇಕಾಗಿತ್ತು. ಅವಳ ಕೈ ಕೆಚ್ಚಲಿನ ಮೇಲಿತ್ತು.

"ತಪ್ಪಾಯ್ತಕ್ಕ," ಎಂದೆ.

"ಏನಂದೆ? ಕೇಳಿಸ್ನಿಲ್ಲ."

"ತಪ್ಪಾಯ್ತು ಅಂದೆ ಕಣಕ್ಕ!" ಎಂದು ಕೂಗಿದೆ. ಹಸು ಬೆಚ್ಚಿ ಕಾಲು ಎತ್ತಿತು. ಅವಳು ಪಾತ್ರೆ ಪಕ್ಕಕ್ಕೆ ಸರಿಸಿ ಎದ್ದು ಬಂದು, ಒದ್ದೆ ಕೈಯಲ್ಲೇ ನನ್ನ ಕೆನ್ನೆಗೆ ಒಂದು ತಟ್ಟಿ, "ಹಂಗೆ. ಅಲ್ಲಿ ಹೋದ್ಮೇಲೂ ಯಾರೇನ್ ಕೇಳುದ್ರೂ ಹಿಂಗೇ ಹೇಳ್ಬೇಕು, ಮೂದೇವಿ," ಎಂದಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಲೋಟ ಹಾಲು ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.